ಪಟ್ಟಿ ಬಿಡಿ, ಅಘನಾಶಿನಿಯ ಜೊತೆ ಇಳಿಯಿರಿ

ಪ್ರಶ್ನೆ: ನಾವು ದಾವಣಗೆರೆಯವರು, ಮಲೇಬೆನ್ನೂರಿನ ಹತ್ತಿರ ಭತ್ತದ ಗದ್ದೆಯಿದೆ. ಮನೆಯವರೆಲ್ಲ ನಾಲ್ಕು ದಿನ ಉತ್ತರ ಕನ್ನಡದ ಕರಾವಳಿ ನೋಡಿ ಬರಬೇಕೆಂದಿದ್ದೇವೆ. ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ನಮ್ಮವ್ವ. ಅವ್ವನಿಗೆ ಮೊಣಕಾಲು ನೋವು. ಸ್ವಂತ ಕಾರಿದೆ. ಟ್ರಾವೆಲ್ಸ್‌ನವರು ಬರೆದುಕೊಟ್ಟ ಪಟ್ಟಿಯಲ್ಲಿ ಜೋಗ, ಶಿರಸಿ, ಯಾಣ, ಗೋಕರ್ಣ, ಇಡಗುಂಜಿ, ಮುರ್ಡೇಶ್ವರ, ಕೊಲ್ಲೂರು, ಉಡುಪಿ, ಮಂಗಳೂರು ಎಲ್ಲವೂ ಇವೆ. ಮಕ್ಕಳಿಗೆ ಸಮುದ್ರ ಬೇಕು, ಅವ್ವನಿಗೆ ದೇವಸ್ಥಾನ, ನನಗೆ ಬೆಟ್ಟ ಮತ್ತು ಹಳೆಯ ಕೋಟೆ. ದಸರಾ ರಜೆಯಲ್ಲಿ ಹೋಗುವುದೋ, ಕೊಯ್ಲು ಮುಗಿಸಿ ಡಿಸೆಂಬರಿನಲ್ಲೋ? ಯಾವ ದಾರಿ ಹಿಡಿಯುವುದು? ನನಗೂ ದೊಡ್ಡ ಮಗನಿಗೂ ಈಜು ಬರುತ್ತದೆ, ಭದ್ರಾ ನಾಲೆಯಲ್ಲಿ ಕಲಿತದ್ದು, ಸಮುದ್ರಕ್ಕೆ ಇಳಿಯಬಹುದೇ? ನಾವು ಸಸ್ಯಾಹಾರಿಗಳು, ಊಟಕ್ಕೆ ತೊಂದರೆಯಾದೀತೇ?

ಉತ್ತರ: ಮೊದಲು ಆ ಪಟ್ಟಿಯಿಂದ ಕೊಲ್ಲೂರು, ಉಡುಪಿ, ಮಂಗಳೂರು ಮೂರನ್ನೂ ತೆಗೆದುಹಾಕಿ. ಅವು ಬೇಡವಾದ ಊರುಗಳೆಂದಲ್ಲ. ಅವುಗಳಿಗೆ ಬೇರೆಯದೇ ಪ್ರವಾಸ ಬೇಕು, ಬೇರೆ ಘಟ್ಟ ಇಳಿಯಬೇಕು. ಒಂಬತ್ತು ಊರನ್ನು ನಾಲ್ಕು ದಿನದಲ್ಲಿ ಮುಗಿಸಲು ಹೊರಟರೆ ನಿಮ್ಮ ಅವ್ವ ಹಗಲೆಲ್ಲ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತಿರಬೇಕು, ಮಕ್ಕಳು ಸಮುದ್ರವನ್ನು ಕಿಟಕಿಯಿಂದ ನೋಡಬೇಕು.

ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೇಕು ಎಂದಿದ್ದೀರಿ. ಅದಕ್ಕೆ ನನ್ನ ಸಲಹೆ ಒಂದೇ: ಊರುಗಳ ಪಟ್ಟಿ ಹಿಡಿಯಬೇಡಿ, ಒಂದು ನದಿಯನ್ನು ಹಿಡಿಯಿರಿ. ಅದು ಹುಟ್ಟುವ ಕಡೆಯಿಂದ ಸಮುದ್ರ ಸೇರುವ ಕಡೆಗೆ ಅದರ ಜೊತೆ ಇಳಿಯಿರಿ. ಬೆಟ್ಟ, ಗುಡಿ, ಕೋಟೆ, ಕಡಲು ಎಲ್ಲವೂ ಅದೇ ದಾರಿಯಲ್ಲಿ ಸಿಗುತ್ತವೆ, ಒಂದಕ್ಕೊಂದು ಸಂಬಂಧವೂ ತಿಳಿಯುತ್ತದೆ. ಇದಕ್ಕೆ ಅಘನಾಶಿನಿಯಷ್ಟು ಒಪ್ಪುವ ನದಿ ನನಗೆ ಗೊತ್ತಿರುವ ಮಟ್ಟಿಗೆ ಇನ್ನೊಂದಿಲ್ಲ. ಉದ್ದ ಸುಮಾರು 120 ಕಿಲೋಮೀಟರ್ ಅಷ್ಟೆ. ಮೈಮೇಲೆ ದೊಡ್ಡ ಅಣೆಕಟ್ಟಿಲ್ಲ. ಅದರ ಒಂದು ಮೂಲ ಶಿರಸಿ ಪಟ್ಟಣದೊಳಗಿನ ಶಂಕರಹೊಂಡ, ಇನ್ನೊಂದು ಮಂಜುಗುಣಿಯ ಕಡೆ. ಕೊನೆ ಗೋಕರ್ಣದ ಪಕ್ಕದ ತದಡಿಯಲ್ಲಿ.

ಯಾವಾಗ ಹೋಗಬೇಕೆನ್ನುವುದಕ್ಕೆ ಉತ್ತರ: ಡಿಸೆಂಬರ್, ಅದರಲ್ಲೂ ಮೊದಲ ಎರಡು ವಾರ. ದಸರಾ ಹೊತ್ತಿಗೆ ಘಟ್ಟ ಹಸಿರಾಗಿರುತ್ತದೆ, ಜೋಗದಲ್ಲಿ ನೀರು ಚೆನ್ನಾಗಿರುತ್ತದೆ, ಆದರೆ ಸಂಜೆಯ ಗುಡುಗು ಮಳೆ ಇನ್ನೂ ಮುಗಿದಿರುವುದಿಲ್ಲ, ಸಮುದ್ರವೂ ಪೂರ್ತಿ ಶಾಂತವಾಗಿರುವುದಿಲ್ಲ. ನಿಮ್ಮ ಮಕ್ಕಳ ಮೊದಲ ಆಸೆ ಸಮುದ್ರ. ಹಾಗಾಗಿ ಜೋಗವನ್ನು ಈ ಪ್ರವಾಸದ ಮುಖ್ಯ ಜಾಗವೆಂದು ಎಣಿಸಬೇಡಿ. ಜೋಗ ಮಳೆಗಾಲದಲ್ಲಿ ನೋಡಬೇಕಾದದ್ದು. ಮುಂದಿನ ಆಗಸ್ಟಿನಲ್ಲಿ ಬೆಳಗಿನ ಜಾವ ಹೊರಟರೆ ರಾತ್ರಿಗೆ ಮನೆಗೆ ವಾಪಸಾಗಬಹುದು. ಡಿಸೆಂಬರ್ 24ರಿಂದ ಹೊಸ ವರ್ಷದ ಮರುದಿನದವರೆಗೆ ಗೋಕರ್ಣದ ಕಡೆ ಮುಖ ಮಾಡಬೇಡಿ. ಆ ದಿನಗಳಲ್ಲಿ ರೂಮಿನ ಬಾಡಿಗೆ ಹಲವು ಪಟ್ಟು ಏರುತ್ತದೆ, ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ಶನಿವಾರ, ಭಾನುವಾರ ಸೇರಿಸಿಕೊಂಡು ಮಕ್ಕಳಿಗೆ ಶಾಲೆಯಿಂದ ಎರಡು ದಿನ ರಜೆ ಕೇಳಿ. ಈ ನಾಲ್ಕು ದಿನದಲ್ಲಿ ಅವರು ಕಲಿಯುವುದು ಕಡಿಮೆಯೇನಲ್ಲ.

ದಾರಿ ಹೇಳುತ್ತೇನೆ. ಹರಿಹರ, ರಾಣೆಬೆನ್ನೂರು, ಹಾವೇರಿ, ಅಲ್ಲಿಂದ ಶಿರಸಿ. ಸುಮಾರು 150 ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಹೊರಟರೆ ಅವಸರವಿಲ್ಲ. ಈ ದಾರಿಯಲ್ಲಿ ಮಕ್ಕಳಿಗೆ ಒಂದು ಸಂಗತಿ ತೋರಿಸಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಶಿರಸಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಹಾಗಾಗಿ ಮಲೆನಾಡಿಗೆ ಹೋಗುವಾಗ ನಾವು ಬೆಟ್ಟ ಹತ್ತುವುದೇ ಇಲ್ಲ. ನೆಲದ ಎತ್ತರ ಬದಲಾಗುವುದಿಲ್ಲ, ಮಳೆ ಮಾತ್ರ ಬದಲಾಗುತ್ತದೆ. ನಮ್ಮಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಘಟ್ಟದ ಕೆಳಗೆ 3,000 ಮೀರಿ. ಹಾವೇರಿ ದಾಟಿದ ಮೇಲೆ ಮೆಕ್ಕೆಜೋಳ ಮುಗಿದು ಅಡಿಕೆ ಶುರುವಾಗುವ ಜಾಗವನ್ನು ಅವರೇ ಗುರುತಿಸಲಿ. ನಿಜವಾದ ಘಟ್ಟ ಶಿರಸಿಯಿಂದ ಮುಂದಿದೆ; ಅದು ಹತ್ತುವ ಘಟ್ಟವಲ್ಲ, ಇಳಿಯುವ ಘಟ್ಟ.

ಶಿರಸಿ ಸೇರುವ ಮೊದಲು ಬನವಾಸಿಗೆ ಹೋಗಿ. ಶಿರಸಿಯಿಂದ ಅದು ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಇಲ್ಲಿ ನಿಮಗೆ ಚಿತ್ರದುರ್ಗದ ನೆಂಟಸ್ತಿಕೆ ಸಿಗುತ್ತದೆ. ಚಂದ್ರವಳ್ಳಿಯಲ್ಲಿ ಭೈರವೇಶ್ವರ ಗುಡಿಯ ಹತ್ತಿರ ಬಂಡೆಯ ಮೇಲೆ ಒಂದು ಶಾಸನವಿದೆ. ಕದಂಬರ ಮಯೂರಶರ್ಮ ಅಲ್ಲಿನ ಕೆರೆಯ ಕೆಲಸ ಮಾಡಿಸಿದ್ದನ್ನು ಅದು ಹೇಳುತ್ತದೆ. ನಾಲ್ಕನೆಯ ಶತಮಾನದ ಮಾತು. ಆ ಮಯೂರಶರ್ಮನ ರಾಜಧಾನಿಯೇ ಈ ಬನವಾಸಿ. ದುರ್ಗದ ಬಂಡೆಯ ಮೇಲೆ ಹೆಸರು ಬರೆಸಿದ ಅರಸ ವರದಾ ನದಿಯ ದಡದಲ್ಲಿ ಕೂತು ಆಳಿದ ಎಂದು ಮಕ್ಕಳಿಗೆ ಹೇಳಿದರೆ ಊರೂರು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮಧುಕೇಶ್ವರ ದೇವಸ್ಥಾನದಲ್ಲಿ ಎರಡನ್ನು ತಪ್ಪಿಸಿಕೊಳ್ಳಬೇಡಿ. ಒಂದು, ಐದು ಹೆಡೆಯ ನಾಗನ ಕಲ್ಲು. ಅದರ ಮೇಲೆ ಪ್ರಾಕೃತದ ಬರಹವಿದೆ, ಕದಂಬರಿಗಿಂತ ಹಿಂದಿನ ಚುಟು ಅರಸರ ಕಾಲದ್ದು, ಕೆತ್ತಿದವನ ಹೆಸರೂ ಅದರಲ್ಲಿದೆ. ಇನ್ನೊಂದು, ಸೋದೆ ಅರಸರ ಕಾಲದ ಕಲ್ಲಿನ ಮಂಚ. ಒಳಗಿನ ನೆಲ ಸಮತಟ್ಟು, ನಿಮ್ಮ ಅವ್ವ ಆರಾಮವಾಗಿ ಓಡಾಡಬಹುದು.

ರಾತ್ರಿ ಶಿರಸಿಯಲ್ಲಿ ಉಳಿಯಿರಿ. ಸಂಜೆ ಮಾರಿಕಾಂಬೆಯ ಗುಡಿ. ನಮ್ಮ ದುಗ್ಗಮ್ಮನ ಜಾತ್ರೆಯಂತೆ ಇವಳ ಜಾತ್ರೆಯೂ ಎರಡು ವರ್ಷಕ್ಕೊಮ್ಮೆ. ಅವ್ವನಿಗೆ ಇದು ಹೊಸ ದೇವರೆನಿಸುವುದಿಲ್ಲ.

ಎರಡನೆಯ ದಿನ ಯಾಣ. ಆ ಕಡೆ ಒಂದು ಮಾತಿದೆ: ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ. ಮೈಯಲ್ಲಿ ಕಸುವಿದ್ದವರಷ್ಟೇ ಹೋಗಬಹುದಾದ ಜಾಗವಾಗಿತ್ತು ಅದು. ಈಗ ರಸ್ತೆ ಹತ್ತಿರದವರೆಗೆ ಹೋಗುತ್ತದೆ, ಆದರೂ ಕಾರು ನಿಲ್ಲಿಸಿದ ಮೇಲೆ ಕಾಡಿನೊಳಗೆ ನಡೆಯಬೇಕು, ಕೊನೆಗೆ ಮೆಟ್ಟಿಲು ಹತ್ತಬೇಕು. ಅವ್ವನನ್ನು ಅಲ್ಲಿಗೆ ಹತ್ತಿಸಬೇಡಿ. ನೀವೂ ನಿಮ್ಮ ಮನೆಯವರೂ ಸರದಿಯ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ, ಒಬ್ಬರು ಅವ್ವನ ಜೊತೆ ಕೆಳಗಿರಿ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ದುರ್ಗದ ಬಂಡೆಗಳನ್ನು ನೋಡಿ ಬೆಳೆದವರಿಗೆ ಇದರಲ್ಲೇನು ಹೊಸದು ಎನಿಸಬಹುದು. ಹೊಸದಿದೆ. ದುರ್ಗದ್ದು ಗ್ರಾನೈಟ್ ಕಲ್ಲಿನ ಗುಂಡು. ಬಿಸಿಲು, ಗಾಳಿ, ಮಳೆಗೆ ಸವೆದು ದುಂಡಗಾದದ್ದು. ಯಾಣದ್ದು ಕಪ್ಪು ಸುಣ್ಣದಕಲ್ಲು. ಮಳೆನೀರಿನಲ್ಲಿರುವ ಸಣ್ಣ ಆಮ್ಲಾಂಶಕ್ಕೆ ಸುಣ್ಣದಕಲ್ಲು ಕರಗುತ್ತದೆ, ಕರಗದೆ ಉಳಿದದ್ದು ಹೀಗೆ ಚೂಪಾಗಿ ನಿಲ್ಲುತ್ತದೆ. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ ಇದೇ ಎಂದು ಸ್ಥಳಪುರಾಣ. ಭೈರವೇಶ್ವರನ ಗುಹೆಯಲ್ಲಿ ಲಿಂಗದ ಮೇಲೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತದೆ. ಕೆಳಗೆ ಹರಿಯುವ ಚಂಡಿಕೆ ಹೊಳೆ ಮುಂದೆ ಅಘನಾಶಿನಿಯನ್ನೇ ಸೇರುತ್ತದೆ.

ನದಿ ಘಟ್ಟದಿಂದ ಬೀಳುವ ಉಂಚಳ್ಳಿ ಜಲಪಾತ ಇನ್ನೊಂದು ದಿಕ್ಕಿನಲ್ಲಿ, ಸಿದ್ದಾಪುರ ತಾಲ್ಲೂಕಿನಲ್ಲಿದೆ. 116 ಮೀಟರ್ ಎತ್ತರದಿಂದ ಬೀಳುತ್ತದೆ. ಯಾಣ, ಉಂಚಳ್ಳಿ ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಡಿಸೆಂಬರಿನಲ್ಲಿ ನೀರು ಇಳಿದಿರುತ್ತದೆ, ಯಾಣವನ್ನೇ ಆರಿಸಿಕೊಳ್ಳಿ.

ಕುಮಟಾಕ್ಕೆ ಇಳಿಯುವುದು ದೇವಿಮನೆ ಘಟ್ಟದಿಂದ. ಶಿರಸಿ–ಕುಮಟಾ ರಸ್ತೆ ಅಗಲ ಮಾಡುವ ಕೆಲಸ ವರ್ಷಗಳಿಂದ ನಡೆದಿದ್ದು, ಸಂಚಾರವನ್ನು ಆಗಾಗ ತಡೆದಿದ್ದಾರೆ. ಹಿಂದಿನ ರಾತ್ರಿ ಶಿರಸಿಯಲ್ಲಿ ಬಸ್ಸಿನವರನ್ನೋ ಲಾರಿಯವರನ್ನೋ ಕೇಳಿ. ಫೋನಿನ ನಕ್ಷೆಗಿಂತ ಅವರ ಮಾತು ನಂಬಿ. ದಾರಿ ಮುಚ್ಚಿದ್ದರೆ ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಅಂಕೋಲಾ ಸೇರಬಹುದು. ಯಾವ ಘಟ್ಟವಾದರೂ ಸರಿ, ಹಗಲಲ್ಲೇ ಇಳಿಯಿರಿ, ಗೇರಿನಲ್ಲೇ ಇಳಿಸಿ. ಇಳಿಜಾರಿನ ಉದ್ದಕ್ಕೂ ಬ್ರೇಕ್ ತುಳಿದುಕೊಂಡೇ ಬಂದರೆ ಅದು ಕಾದು ಹಿಡಿಯುವುದೇ ಬಿಡುತ್ತದೆ. ನಮ್ಮ ಬಯಲುಸೀಮೆಯ ಡ್ರೈವರುಗಳಿಗೆ ಇದು ಅಭ್ಯಾಸವಿರುವುದಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಮಿರ್ಜಾನ್ ಕೋಟೆ ತಲುಪಿ. ಈ ಪ್ರವಾಸದಲ್ಲಿ ನಿಮಗಾಗಿ ನಾನು ಇಟ್ಟದ್ದು ಇದು, ಹಾಗಾಗಿ ಎರಡು ಮಾತು ಹೆಚ್ಚು. ದುರ್ಗದ ಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಮಿರ್ಜಾನ್ ಸಣ್ಣದೆನಿಸುತ್ತದೆ. ಅಳತೆಗೋಲು ಬೇರೆ ಇಟ್ಟುಕೊಳ್ಳಿ. ದುರ್ಗ ಶತ್ರುವನ್ನು ತಡೆಯಲು ಬೆಟ್ಟದ ಮೇಲೆ ಕಟ್ಟಿದ ಕೋಟೆ. ಮಿರ್ಜಾನ್ ವ್ಯಾಪಾರ ಕಾಯಲು ಹೊಳೆಯ ಬಾಯಲ್ಲಿ ಕಟ್ಟಿದ್ದು. ಘಟ್ಟದ ಮೇಲಿನ ಕಾಳುಮೆಣಸು ಅಘನಾಶಿನಿಯ ದಾರಿಯಲ್ಲಿ ಇಳಿದು, ಇಲ್ಲಿಂದ ದೋಣಿಯೇರಿ, ಸಮುದ್ರದಾಚೆಗೆ ಹೋಗುತ್ತಿತ್ತು. ಈ ಕೋಟೆಯ ಹೆಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯೊಂದಿಗೆ ಸೇರಿಕೊಂಡಿದೆ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಜೈನ ರಾಣಿ ಆಕೆ; ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಅವಳ ರಾಜ್ಯ ಕೊನೆಗೆ ಹೋದದ್ದು ಕೆಳದಿಯ ವೆಂಕಟಪ್ಪ ನಾಯಕನ ಕೈಗೆ. ಅದೇ ಕೆಳದಿಯವರು, ಬಿದನೂರಿನಿಂದ ಆಳುತ್ತಿದ್ದಾಗ, 18ನೆಯ ಶತಮಾನದ ನಡುವೆ ನಮ್ಮ ಮಾಯಕೊಂಡದ ಯುದ್ಧದಲ್ಲಿ ಚಿತ್ರದುರ್ಗದ ನಾಯಕರ ವಿರುದ್ಧ ನಿಂತ ಒಕ್ಕೂಟದಲ್ಲಿದ್ದರು. ಬಿದನೂರಿಗೆ ಅಂಥ ಯುದ್ಧಗಳಿಗೆ ಹಣ ಎಲ್ಲಿಂದ ಬಂತು ಎಂದು ಕೇಳಿದರೆ, ಉತ್ತರದ ದೊಡ್ಡ ಪಾಲು ಈ ಹೊಳೆಬಾಯಿಗಳಲ್ಲಿದೆ. ಮಾಯಕೊಂಡದ ಬಯಲಿಗೂ ಇಲ್ಲಿಯ ಮೆಣಸಿಗೂ ಇರುವ ಈ ನಂಟು ನಮ್ಮ ಕಡೆಯ ಮಕ್ಕಳಿಗೆ ತಿಳಿದಿರಬೇಕು.

ಕೋಟೆಯ ಗೋಡೆಗಳು ಕೆಂಪು ಮುರಕಲ್ಲಿನವು. ಮುರಕಲ್ಲು ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಕರಾವಳಿಯ ಮನೆ, ಬಾವಿ, ಕೋಟೆಗೆಲ್ಲ ಇದೇ ಕಲ್ಲು. ಒಳಗೆ ಬಹುಪಾಲು ಹುಲ್ಲಿನ ಬಯಲು, ಅವ್ವ ನಿಧಾನವಾಗಿ ನಡೆಯಬಹುದು. ಬಾವಿಗಳ ಹತ್ತಿರ, ಗೋಡೆಯ ಮೇಲೆ ಮಕ್ಕಳನ್ನು ಓಡಲು ಬಿಡಬೇಡಿ. ಗೋಡೆಯ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಅಲ್ಲಿಂದ ಗೋಕರ್ಣ ಇಪ್ಪತ್ತು ಕಿಲೋಮೀಟರಿನಷ್ಟು. ರಾತ್ರಿ ಅಲ್ಲೇ. ಮರುದಿನ ಬೆಳಗಿನ ಜಾವ ಮಹಾಬಲೇಶ್ವರನ ದರ್ಶನ ಮುಗಿಸಿ; ಸೋಮವಾರವಾದರೆ ಜನ ಹೆಚ್ಚು. ಗಂಡಸರು ಪಂಚೆಯುಟ್ಟು, ಅಂಗಿ ತೆಗೆದು ಒಳಗೆ ಹೋಗಬೇಕು. ಚೀಲದಲ್ಲಿ ಒಂದು ಪಂಚೆ ಇರಲಿ.

ಆಮೇಲೆ ಸಮುದ್ರಕ್ಕೆ ಓಡುವ ಮೊದಲು ತದಡಿಗೆ ಹೋಗಿ. ನಿಮ್ಮ ಪಟ್ಟಿಯಲ್ಲಿ ಈ ಊರಿಲ್ಲ, ಆದರೆ ನಿಮ್ಮ ಮನೆಗೆ ಬೇಕಾದ ಊರು ಇದೇ. ಅಘನಾಶಿನಿ ಇಲ್ಲಿ ಅಗಲವಾಗಿ ಹರಡಿ ಸಮುದ್ರ ಸೇರುತ್ತದೆ; ಆಚೆ ದಡದ ಊರಿನ ಹೆಸರೂ ಅಘನಾಶಿನಿಯೇ, ದೋಣಿಯಲ್ಲಿ ದಾಟಬಹುದು. ಸುಮಾರು 4,800 ಹೆಕ್ಟೇರಿನ ಈ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನೀರು ಇಳಿದಾಗ ಹೆಂಗಸರು, ಗಂಡಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿ ಹೆಕ್ಕುತ್ತಾರೆ. ದಡದಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ನೀವು ಭತ್ತ ಬೆಳೆಯುವವರು, ಇದನ್ನು ನಿಂತು ನೋಡಬೇಕು. ಭದ್ರಾ ಅಚ್ಚುಕಟ್ಟಿನಲ್ಲಿ ಸವಳು ಬಂದ ಗದ್ದೆ ಕೈಬಿಟ್ಟಂತೆಯೇ ಎಂದು ನಾವು ಕೊರಗುತ್ತೇವೆ. ಕಗ್ಗ ಉಪ್ಪುನೀರಿನಲ್ಲೇ ಎದ್ದು ನಿಲ್ಲುತ್ತದೆ, ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಬದುಕುತ್ತದೆ, ಗೊಬ್ಬರ ಔಷಧಿ ಕೇಳುವುದಿಲ್ಲ. ಇಳುವರಿ ಕಡಿಮೆ, ಆಳಿನ ಕೆಲಸ ಹೆಚ್ಚು, ಸಿಗಡಿ ಸಾಕಣೆಯಲ್ಲಿ ದುಡ್ಡು ಬೇಗ. ಅದಕ್ಕೇ ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ. ನೀವು ಹೋಗುವ ಹೊತ್ತಿಗೆ ಕೊಯ್ಲು ಆಗಿರುತ್ತದೆ. ಕುಮಟಾ ತಾಲ್ಲೂಕಿನ ಮಾಣಿಕಟ್ಟದ ಕಡೆ ಯಾರಾದರೂ ರೈತರು ಸಿಕ್ಕರೆ ಮಾತಾಡಿಸಿ, ಅವರೂ ಗದ್ದೆಯವರೊಬ್ಬರು ಬಂದರೆಂದು ಸಂತೋಷಪಡುತ್ತಾರೆ. ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ, ಆದರೆ ಉಪ್ಪು ತೆಗೆಯುವುದು ಬೇಸಿಗೆಯ ಕೆಲಸ.

ತದಡಿಗೆ ಹೋಗಿ ಎನ್ನಲು ಇನ್ನೊಂದು ಕಾರಣವಿದೆ. ಅಘನಾಶಿನಿಯ ನೀರನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾವ ಬಂದಿದೆ. ಹಿರಿಯೂರು, ಚಳ್ಳಕೆರೆ ಕಡೆ ಬರ ಉಂಡವರಿಗೆ ಅದರಲ್ಲಿ ಆಸೆಯಿದೆ. ಶಿರಸಿ, ಕುಮಟಾದವರು ಗಟ್ಟಿಯಾಗಿ ವಿರೋಧಿಸುತ್ತಿದ್ದಾರೆ. ಬಯಲುಸೀಮೆಯವನಾಗಿ ನೀರಿನ ಬೆಲೆ ನನಗೂ ಗೊತ್ತು. ಆದರೆ ಸಮುದ್ರಕ್ಕೆ ಹೋಗುವ ನೀರು ದಂಡ ಎನ್ನುವ ಮಾತನ್ನು ಅಳಿವೆ ನೋಡಿದವರು ಆಡಲಾರರು. ಸಿಹಿನೀರು ಬರುವುದು ಕಡಿಮೆಯಾದರೆ ಅಳಿವೆಯ ಉಪ್ಪಿನ ಹದ ಕೆಡುತ್ತದೆ. ಬಳಚು, ಮೀನು, ಕಗ್ಗ ಎಲ್ಲವೂ ಆ ಹದವನ್ನೇ ನಂಬಿವೆ. ಆ ನೀರು ಯಾರ ಪಾತ್ರೆಯಿಂದ ಬರುತ್ತದೆ ಎಂದು ನಮ್ಮ ಕಡೆಯವರು ಒಮ್ಮೆ ಕಣ್ಣಾರೆ ನೋಡಿ ಆಮೇಲೆ ಮಾತಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಈಜಿನ ಪ್ರಶ್ನೆ. ನಾಲೆಯಲ್ಲಿ ಕಲಿತ ಈಜನ್ನು ನಂಬಿ ಸಮುದ್ರದಲ್ಲಿ ಸೊಂಟಕ್ಕಿಂತ ಆಳಕ್ಕೆ ಹೋಗಬೇಡಿ, ಮಗನನ್ನಂತೂ ಬಿಡಲೇಬೇಡಿ. ನಾಲೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ಎರಡೂ ಕಡೆ ಏರಿ ಇರುತ್ತದೆ, ಆಳ ಗೊತ್ತಿರುತ್ತದೆ. ಸಮುದ್ರದಲ್ಲಿ ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲು ದಾರಿ ಹುಡುಕುತ್ತದೆ. ಮರಳಿನ ದಿಬ್ಬಗಳ ನಡುವೆ ತಗ್ಗು ಸಿಕ್ಕಲ್ಲಿ, ಬಂಡೆಯ ಪಕ್ಕದಲ್ಲಿ, ಅದು ಒಟ್ಟಾಗಿ ಜೋರಾಗಿ ಒಳಕ್ಕೆ ಹರಿಯುತ್ತದೆ. ಇದೇ ಸೆಳವು. ಮೋಸವಿರುವುದು ಇಲ್ಲಿ: ಸೆಳವಿರುವ ಕಡೆ ಅಲೆ ಒಡೆಯುವುದು ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ, ಹೊಸಬರು ಮಕ್ಕಳನ್ನು ಅಲ್ಲೇ ಇಳಿಸುತ್ತಾರೆ. ಎರಡು ಬಿಳಿ ನೊರೆಯ ಅಲೆಗಳ ನಡುವೆ ನೊರೆಯಿಲ್ಲದ, ಕದಡಿದ ಪಟ್ಟಿ ಕಂಡರೆ ಅಲ್ಲಿಗೆ ಇಳಿಯಲೇಬಾರದು. ಸಿಕ್ಕಿಕೊಂಡರೆ ದಡದ ಕಡೆ ಈಜಲು ಹೋಗಬಾರದು. ಗಟ್ಟಿ ಈಜುಗಾರರೂ ಸೋಲುವುದು ಹಾಗೆಯೇ. ಅದು ಒಳಗೆ ಮುಳುಗಿಸುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೆ. ತೇಲುತ್ತಾ ಕೈಯೆತ್ತಿ ಕೂಗಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು. ಒಬ್ಬರು ಸಿಕ್ಕಿಕೊಂಡಾಗ ಉಳಿದವರು ಬರಿಗೈಯಲ್ಲಿ ಹಿಂದೆ ಹಾರಬಾರದು. ಹಗ್ಗ, ಖಾಲಿ ಕ್ಯಾನು, ಟ್ಯೂಬು ಏನಾದರೂ ಎಸೆದು ಜೀವರಕ್ಷಕರನ್ನು ಕರೆಯಬೇಕು.

2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಅದು ಮಳೆಗಾಲವಲ್ಲ, ನೀವು ಹೊರಟಿರುವ ತಿಂಗಳೇ. ಆದ್ದರಿಂದ ಜೀವರಕ್ಷಕರಿರುವ ಕಡೆ, ಅವರು ತೋರಿಸಿದ ಗಡಿಯೊಳಗೆ, ಬೆಳಕಿರುವಾಗ, ಮೊಣಕಾಲು ಮಟ್ಟದ ನೀರಿನಲ್ಲಿ ಮಕ್ಕಳ ಕೈ ಹಿಡಿದು ಆಡಿಸಿ. ಅಷ್ಟರಲ್ಲೇ ಅವರಿಗೆ ಸಂತೋಷ ತುಂಬುತ್ತದೆ. ಗೋಕರ್ಣದಲ್ಲಿ ಓಂ ಬೀಚು ನೋಡಲು ಚೆಂದ, ಆದರೆ ಬಂಡೆಗಳು ಹೆಚ್ಚು. ಅವುಗಳ ಮೇಲೆ ನಿಂತು ಫೋಟೋ ತೆಗೆಯುವುದು ಬೇಡ. ಉಬ್ಬರ, ಇಳಿತ ದಿನಕ್ಕೆ ಎರಡೆರಡು ಸಲ, ಆರು ಗಂಟೆ ಚಿಲ್ಲರೆ ಅಂತರದಲ್ಲಿ; ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಜೋರು. ಬೆಳಿಗ್ಗೆ ನಡೆದುಹೋದ ಬಂಡೆ ಮಧ್ಯಾಹ್ನ ನೀರಿನಲ್ಲಿರುತ್ತದೆ. ಮಕ್ಕಳಿಗೆ ಆಟ, ಅವ್ವನಿಗೆ ಕೂರಲು ಜಾಗ ಎರಡೂ ಬೇಕೆಂದರೆ ಹೊನ್ನಾವರದ ಕಾಸರಕೋಡು ಇಕೋ ಬೀಚ್ ನನ್ನ ಮೊದಲ ಆಯ್ಕೆ. ಸ್ವಚ್ಛತೆ, ಸುರಕ್ಷತೆಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ದೇಶದ ಮೊದಲ ಕಡಲತೀರಗಳಲ್ಲಿ ಅದೂ ಒಂದು. ಪಕ್ಕದಲ್ಲಿ ಶರಾವತಿಯ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ಕಾಲುದಾರಿಯಿದೆ, ಮೆಟ್ಟಿಲಿನ ಕಾಟವಿಲ್ಲ.

ಹಾಗಾಗಿ ಮೂರನೆಯ ರಾತ್ರಿ ಹೊನ್ನಾವರಕ್ಕೆ ಬಂದು ಉಳಿಯಿರಿ. ನಾಲ್ಕನೆಯ ಬೆಳಿಗ್ಗೆ ಇಡಗುಂಜಿ. ಎರಡು ಕೈಯ, ನಿಂತ ಗಣಪತಿ. ಅವ್ವನಿಗೆ ಹತ್ತಿರದಿಂದ ದರ್ಶನವಾಗುತ್ತದೆ. ಮುರ್ಡೇಶ್ವರ ಇನ್ನೂ ಮುಂದೆ. ಹೋಗಿಬರಲು ಅರ್ಧ ದಿನ ತಿನ್ನುತ್ತದೆ. 123 ಅಡಿಯ ಶಿವನನ್ನು, ಲಿಫ್ಟಿರುವ ಗೋಪುರವನ್ನು ನೋಡಲೇಬೇಕೆಂದು ಮಕ್ಕಳು ಹಟ ಹಿಡಿದರೆ ಜೋಗವನ್ನು ಬಿಡಿ, ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಕಾರವಾರ ಬಿಟ್ಟುಹೋಯಿತಲ್ಲ ಎಂಬ ಕೊರಗು ನನಗೂ ಇದೆ. ಸದಾಶಿವಗಡ, ಕಾಳಿ ನದಿ, ಐಎನ್‌ಎಸ್ ಚಾಪಲ್ ಯುದ್ಧನೌಕೆ ಎಲ್ಲ ಅಲ್ಲಿವೆ. ಇನ್ನೊಂದು ವರ್ಷಕ್ಕಿರಲಿ.

ಊಟದ ಬಗ್ಗೆ ಚಿಂತೆ ಬೇಡ. ಶಿರಸಿಯಲ್ಲಿ ಹವ್ಯಕರ ಅಡುಗೆ ಸಿಗುವ ಖಾನಾವಳಿ ಹುಡುಕಿ. ಅಪ್ಪೆಹುಳಿ, ತಂಬುಳಿ, ತೊಡದೇವು ರುಚಿ ನೋಡದೆ ಘಟ್ಟ ಇಳಿಯಬೇಡಿ. ಗೋಕರ್ಣದ ಗುಡಿಯ ಸುತ್ತ ಸಸ್ಯಾಹಾರಿ ಹೋಟೆಲುಗಳೇ ಇವೆ. ಹೆದ್ದಾರಿಯ ಹೋಟೆಲಿನಲ್ಲಿ ಮಾತ್ರ ಕೂರುವ ಮೊದಲೇ ಕೇಳಿಕೊಳ್ಳಿ, ಬಹಳ ಕಡೆ ಮೀನಿನ ಅಡುಗೆ ಒಂದೇ ಒಲೆಯ ಮೇಲೆ. ರೊಟ್ಟಿ ತಿಂದು ರೂಢಿಯಾದ ಅವ್ವನಿಗೆ ಕುಚ್ಚಲಕ್ಕಿ ಅನ್ನ, ಕೊಬ್ಬರಿ ಎಣ್ಣೆ ಒಗ್ಗದಿರಬಹುದು. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ನಾಲ್ಕು ದಿನಕ್ಕಾಗುವಷ್ಟು ಕಟ್ಟಿಕೊಳ್ಳಿ. ಸೆಕೆಗೆ ಮುರುಗಲು ಹಣ್ಣಿನ ಪಾನಕ ಒಳ್ಳೆಯದು, ಅಲ್ಲಿ ಕೋಕಂ ಎಂದು ಕೇಳಿದರೂ ಕೊಡುತ್ತಾರೆ.

ವಾಪಸಾಗುವುದು ಬಂದ ದಾರಿಯಲ್ಲಲ್ಲ. ಹೊನ್ನಾವರದಿಂದ ಶರಾವತಿಯ ಜೊತೆ ಗೇರುಸೊಪ್ಪೆ ಘಟ್ಟ ಹತ್ತಿ. ಕೆಳಗೆ ನದಿಯ ಆಚೆ ದಡದ ಕಾಡಿನಲ್ಲಿ ಚೆನ್ನಭೈರಾದೇವಿಯ ಊರಿನ ಚತುರ್ಮುಖ ಬಸದಿಯಿದೆ. ನಾಲ್ಕು ದಿಕ್ಕಿಗೂ ಬಾಗಿಲು. ಹೊತ್ತಿದ್ದರೆ ನೋಡಿ. ಜೋಗದಲ್ಲಿ ನೀರು ಎಳೆಯಾಗಿದ್ದರೂ 253 ಮೀಟರಿನ ಬಂಡೆಯ ಗೋಡೆ ಪೂರ್ತಿ ಕಾಣುವುದು ಆಗಲೇ. ಮಧ್ಯಾಹ್ನ ಎರಡಕ್ಕೆ ಜೋಗ ಬಿಟ್ಟರೆ ಸಾಗರ, ಶಿವಮೊಗ್ಗ, ಹೊನ್ನಾಳಿಯ ಮೇಲೆ ರಾತ್ರಿ ಊಟದ ಹೊತ್ತಿಗೆ ಮನೆ. ಜೋಗ ಬಿಡುವುದು ನಾಲ್ಕಾಯಿತೆಂದರೆ ಸಾಗರದಲ್ಲೇ ಉಳಿದುಬಿಡಿ, ದಣಿದ ಕಣ್ಣಿನಲ್ಲಿ ಕಾರು ಓಡಿಸಬೇಡಿ.